ಉಲ್ಲನ್ ಕುಂಬಳಕಾಯಿಗೆ ನಮ್ಮಲ್ಲೂ ಒಂದು ಕಾಲ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಕುಂಬಳಕಾಯಿ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಗಾರಿಗೆ ಮಾಡುವ ಕುಂಬಳಕಾಯಿ ಅಲ್ಲ, ಕ್ರೋಶಾ ಕಡ್ಡಿಯಲ್ಲಿ ಹೆಣೆದು ಮನೆಯಲ್ಲಿ ಚೆಂದಕ್ಕೆ ಇಡುವ ಉಲ್ಲನ್ ಕುಂಬಳಕಾಯಿ. ಸೆಪ್ಟೆಂಬರ್ ಬಂತೆಂದರೆ ಮೊಬೈಲ್ ತುಂಬ ಇದರದ್ದೇ ವಿಡಿಯೋ. ಅಮೆರಿಕದಲ್ಲಿ ಅದು ಎಲೆ ಉದುರುವ ಕಾಲ, ಕುಂಬಳಕಾಯಿ ಬಲಿತು ಕೊಯ್ಲಿಗೆ ಬರುವ ಕಾಲ. ಅಕ್ಟೋಬರ್ 31ಕ್ಕೆ ದೆವ್ವ ಭೂತದ ವೇಷ ಹಾಕುವ ಹ್ಯಾಲೋವೀನ್ ಹಬ್ಬ, ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅನ್ನುವ ಸುಗ್ಗಿ ಹಬ್ಬ. ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುವ ಪದ್ಧತಿ ಇದೆಯಲ್ಲ, ಅದು ಮೊದಲು ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯಲ್ಲಿ ಇತ್ತಂತೆ, ಅಲ್ಲಿಂದ ಅಮೆರಿಕಕ್ಕೆ ಹೋದವರಿಗೆ ಕುಂಬಳಕಾಯಿ ಸಿಕ್ಕಿತು, ಗಡ್ಡೆ ಬಿಟ್ಟರು. ಕೊರೆಯುವುದೂ ಸುಲಭ ಅಲ್ವಾ.

"ಅವರ ಹಬ್ಬದ ಅಲಂಕಾರ ನಮಗ್ಯಾಕ್ರಿ?" ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಬಾಗಲಕೋಟೆಯಲ್ಲಿ ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗಿ ಉದುರುವುದಿಲ್ಲ. ನಮ್ಮ ಎರೆ ಹೊಲಗಳಲ್ಲಿ ಅದು ಹಿಂಗಾರಿ ಜೋಳದ ಕಾಲ, ಎಲ್ಲೆಲ್ಲೂ ಎಳೆ ಹಸಿರು. ಹಾಗಾಗಿ ವಿಡಿಯೋದಲ್ಲಿ ತೋರಿಸುವ ಒಣಗಿದ ಎಲೆಯ ಕಂದು, ತುಕ್ಕು ಬಣ್ಣಗಳನ್ನು ಇಲ್ಲಿ ತಂದಿಟ್ಟರೆ ನನಗೇನೋ ಸಪ್ಪೆ ಕಾಣುತ್ತದೆ. ಆದರೆ ಕುಂಬಳಕಾಯಿ ನಮಗೆ ಹೊಸದಲ್ಲ. ಮಹಾನವಮಿಗೆ ಗಾಡಿ, ಯಂತ್ರದ ಮುಂದೆ ಬೂದುಗುಂಬಳ ಒಡೆಯುತ್ತೇವೆ. ಅದಾದ ಮೇಲೆ ಸೀಗಿ ಹುಣ್ಣಿಮೆ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಯ ನೈವೇದ್ಯ, ಚೆಲ್ಲುವುದು. ಬೆನ್ನಿಗೇ ದೀಪಾವಳಿ. ಇನ್ನು ಸಿಹಿಗುಂಬಳ, ಅದರ ಮೂಲವೇ ಅಮೆರಿಕ ಖಂಡ, ನಮ್ಮ ಮೆಣಸಿನಕಾಯಿಯೂ ಅಲ್ಲಿಂದಲೇ ಹಡಗು ಹತ್ತಿ ಬಂದದ್ದು. ಗಾರಿಗೆ ತಿನ್ನುವಾಗ ಯಾರೂ ಅದರ ಊರು ಕೇಳುವುದಿಲ್ಲ! ಹಾಗೇ ಉಲ್ಲನ್ ಕುಂಬಳಕಾಯಿಯೂ ಬರಲಿ ಬಿಡಿ. ಬಣ್ಣ, ಎಲೆ, ಇಡುವ ಜಾಗ ನಮ್ಮದಾಗಿರಲಿ, ಅಷ್ಟೇ ನಾನು ಹೇಳುವುದು.

ಈಗ ಕೆಲಸಕ್ಕೆ ಬರೋಣ. ಬಾನುಲಿಯಲ್ಲಿ ಕೈ ತೋರಿಸಲು ಆಗುವುದಿಲ್ಲ, ನಿಧಾನಕ್ಕೆ ಹೇಳುತ್ತೇನೆ. ಚೈನ್ ಹಾಕಲು, ಸಾಲು ತಿರುಗಿಸಲು ಬಂದರೆ ಸಾಕು, ಇದನ್ನು ಮಾಡಬಹುದು. ಗುಂಡಗೆ ಸುತ್ತು ಹೆಣೆಯುವ ಜಪಾನಿ ರೀತಿ ಒಂದಿದೆ, ಅಮಿಗುರುಮಿ ಅನ್ನುತ್ತಾರೆ, ಅದರಲ್ಲಿ ಪ್ರತಿ ಸುತ್ತಿಗೂ ಮನೆ, ಅಂದರೆ ಒಂದೊಂದು ಹೆಣಿಕೆ, ಎಣಿಸುತ್ತಾ ಕೂರಬೇಕು. ಹೊಸಬರು ಅದನ್ನು ಆಮೇಲೆ ನೋಡಿಕೊಳ್ಳಲಿ. ನಾನು ಹೇಳುವುದು ಬರೀ ಒಂದು ಆಯತದ ತುಂಡು.

ಮಧ್ಯಮ ದಪ್ಪದ ಉಲ್ಲನ್ ತೆಗೆದುಕೊಳ್ಳಿ, 4 ಅಥವಾ 5 ಮಿಲಿಮೀಟರ್ ಕಡ್ಡಿ. 15 ಸೆಂಟಿಮೀಟರ್ ಆಗುವಷ್ಟು ಚೈನ್ ಹಾಕಿ. ಇದು ಕಾಯಿಯ ಎತ್ತರ. ಇದರ ಮೇಲೆ ಹಾಫ್ ಡಬಲ್ ಹಾಕುತ್ತಾ ಹೋಗಿ, ಅಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ, ಮನೆಯೊಳಗೆ ಹಾಕಿ ದಾರ ಎಳೆದು, ಕಡ್ಡಿ ಮೇಲಿನ ಮೂರೂ ಕುಣಿಕೆಗಳಿಂದ ಒಟ್ಟಿಗೇ ಹೊರಗೆ ತೆಗೆಯುವುದು. ಇಂಗ್ಲೆಂಡಿನ ಪುಸ್ತಕ ನೋಡಿ ಮಾಡುವವರು ಜೋಪಾನ, ಅಮೆರಿಕದ ಹಾಫ್ ಡಬಲ್‌ಗೆ ಅವರು ಹಾಫ್ ಟ್ರೆಬಲ್ ಅನ್ನುತ್ತಾರೆ.

ಎರಡನೇ ಸಾಲಿನಿಂದ ಗಮನ ಇಡಿ. ಹೆಣೆದ ಅಂಚನ್ನು ಮೇಲಿನಿಂದ ನೋಡಿದರೆ ಪ್ರತಿ ಮನೆಗೂ ಎರಡು ಎಳೆ ಕಾಣುತ್ತವೆ, ಒಂದು ನಿಮ್ಮ ಕಡೆ, ಒಂದು ಆಚೆ ಕಡೆ. ಕಡ್ಡಿಯನ್ನು ಆಚೆ ಕಡೆಯ ಎಳೆಗೆ ಮಾತ್ರ ಹಾಕಿ. ಎಲ್ಲ ಸಾಲಿಗೂ ಹೀಗೇ. ಬಿಟ್ಟ ಎಳೆಗಳಿಂದ ಏಣು ಏಣು ಎದ್ದು ಬರುತ್ತದೆ, ಕುಂಬಳಕಾಯಿಯ ಗೆರೆ ಆಗುವುದು ಅದೇ. ಎರಡೂ ಎಳೆ ಹಿಡಿದು ಹೆಣೆದರೆ ಕೊನೆಗೆ ಕೈಗೆ ಬರುವುದು ಚೆಂಡು, ಕುಂಬಳಕಾಯಿ ಅಲ್ಲ. 30 ಸೆಂಟಿಮೀಟರ್ ಉದ್ದ ಆಗುವವರೆಗೆ ಹೆಣೆಯಿರಿ. ಎತ್ತರದ ಎರಡು ಪಟ್ಟು ಉದ್ದ, ಈ ಲೆಕ್ಕ ಇಟ್ಟುಕೊಂಡರೆ ದೊಡ್ಡದು ಸಣ್ಣದು ಯಾವುದಾದರೂ ಆಗುತ್ತದೆ. ಹೆಣಿಗೆ ಸಡಿಲಾಗಿ ಕಿಂಡಿ ಕಾಣುತ್ತಿದ್ದರೆ ಇನ್ನೂ ಸಣ್ಣ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ತುಂಬಿದ ಹತ್ತಿ ಹೊರಗೆ ಇಣುಕುತ್ತದೆ.

ಬಹಳ ಮಂದಿ ಮುಂದಿನ ಹೊಲಿಗೆಯಲ್ಲಿ ಎಡವುತ್ತಾರೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ಸೇರಿಸಿ ಹೊಲಿಯಬೇಕು, ಆಗ ಕೊಳವೆ ಆಗುತ್ತದೆ, ಗೆರೆಗಳು ಮೇಲಿಂದ ಕೆಳಗೆ ಓಡುತ್ತವೆ. ಅಡ್ಡ ಹಿಡಿದು ಹೊಲಿದರೆ ಗೆರೆಗಳು ಕಾಯಿಯ ಸುತ್ತ ಹೋಗುತ್ತವೆ, ಅಂಥ ಕುಂಬಳಕಾಯಿ ಯಾವ ಬಳ್ಳಿಯಲ್ಲೂ ಬಿಡುವುದಿಲ್ಲ. ಆಮೇಲೆ ಕೊಳವೆಯ ಒಂದು ಬಾಯಿಯ ಅಂಚಿಗೆ ದಾರ ಪೋಣಿಸಿ ಎಳೆದು ಬಿಗಿದು ಗಂಟು ಹಾಕಿ. ಒಳಗೆ ತುಂಬಿ. ಇನ್ನೊಂದು ಬಾಯಿಯನ್ನೂ ಹಾಗೇ ಮುಚ್ಚಿ.

ತುಂಬಲು ಏನು? ಅಂಗಡಿಯ ಪಾಲಿಯೆಸ್ಟರ್ ಹತ್ತಿ ಹಗುರ, ತೊಳೆದರೂ ಬೇಗ ಒಣಗುತ್ತದೆ. ಹಳೆ ದಿಂಬಿನ ಹತ್ತಿಯೂ ನಡೆಯುತ್ತದೆ, ಆದರೆ ಬಿಸಿಲಿಗೆ ಹಾಕಿ, ಗಂಟು ಬಿಡಿಸಿಯೇ ತುಂಬಬೇಕು, ಅದನ್ನು ಆಮೇಲೆ ನೀರಿಗೆ ಹಾಕುವ ಹಾಗಿಲ್ಲ. ಭಾರಕ್ಕೆ ಅಂತ ಕೆಲವರು ತಳದಲ್ಲಿ ಜೋಳ ಹಾಕುತ್ತಾರೆ. ಬೇಡ, ಹುಳ ಬೀಳುತ್ತದೆ. ತೊಳೆದ ಸಣ್ಣ ಹರಳುಕಲ್ಲು ಬಟ್ಟೆಯಲ್ಲಿ ಕಟ್ಟಿ ಇಡಿ. ಗಟ್ಟಿಯಾಗಿ ತುರುಕಲೂಬೇಡಿ, ಮುಂದೆ ಅದನ್ನು ಅಮುಕಬೇಕಾಗಿದೆ.

ಇಲ್ಲಿಯವರೆಗೆ ಅದು ಒಂದು ಗಂಟುಮೂಟೆ. ಕುಂಬಳಕಾಯಿ ಆಗುವುದು ಈಗ. ಒಂದು ದಬ್ಬಣ ಬೇಕು, ಚೀಲ ಹೊಲಿಯುವುದು. ದಾರ ಗಟ್ಟಿ ಇರಲಿ, ಉಲ್ಲನ್ ಎಳೆದರೆ ತುಂಡಾಗಬಹುದು. ತಳದ ನಡುವಿನಿಂದ ಚುಚ್ಚಿ ಮೇಲಿನ ನಡುವಿನಲ್ಲಿ ತೆಗೆಯಿರಿ, ದಾರವನ್ನು ಹೊರಗಿನಿಂದ ಕೆಳಗೆ ತಂದು ಮತ್ತೆ ತಳದ ನಡುವಿಗೇ ಚುಚ್ಚಿ, ಎಳೆಯಿರಿ. ಕಾಯಿ ಚಪ್ಪಟೆಯಾಗಿ ಬದಿಗೆ ಉಬ್ಬುತ್ತದೆ. ಹೀಗೆ ಸುತ್ತಲೂ 6 ಅಥವಾ 8 ಕಡೆ. ಹೊಲಿದ ಜಾಗದ ಮೇಲೇ ಒಂದು ದಾರ ಬರುವ ಹಾಗೆ ನೋಡಿಕೊಳ್ಳಿ, ಹೊಲಿಗೆ ಮುಚ್ಚಿಹೋಗುತ್ತದೆ. ಮುಚ್ಚದಿದ್ದರೂ ಸುಮ್ನೆ ಇರಿ. ಬಂದವರು ಏನೂ ಕೇಳದೇ ಇದ್ದಾಗ ನಾವೇ "ಇಲ್ಲಿ ಸ್ವಲ್ಪ ಹೊಲಿಗೆ ಕಾಣ್ತದ ನೋಡ್ರಿ" ಅಂತ ತೋರಿಸುತ್ತೇವಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ತೊಟ್ಟಿಗೆ ಅಮೆರಿಕದವರು ದಾಲ್ಚಿನ್ನಿ ತುಂಡು ಸಿಗಿಸುತ್ತಾರೆ, ಚೆಂದ ಕಾಣುತ್ತದೆ, ವಾಸನೆಯೂ ಬರುತ್ತದೆ. ನನಗೆ ಹಿಡಿಸಿದ್ದು ನಿಜವಾದ ಕುಂಬಳಕಾಯಿ ತೊಟ್ಟು. ಪಲ್ಯಕ್ಕೆ ಹೆಚ್ಚುವಾಗ ಎಸೆಯುತ್ತೀರಲ್ಲ, ಅದನ್ನೇ ತೊಳೆದು ಗಟ್ಟಿಯಾಗುವವರೆಗೆ ಒಣಗಿಸಿ ಅಂಟಿಸಿ. ಬಳ್ಳಿಯ ಕುಡಿ ಬೇಕೆಂದರೆ ಉದ್ದನೆ ಚೈನ್ ಹಾಕಿ, ವಾಪಸ್ ಬರುವಾಗ ಒಂದೊಂದು ಮನೆಗೂ ಮೂರು ಸಿಂಗಲ್ ಕ್ರೋಶಾ ಹಾಕಿ, ಅಂದರೆ ಮೊದಲು ದಾರ ಸುತ್ತದೇ ಮನೆಯೊಳಗೆ ಹಾಕಿ ದಾರ ಎಳೆದು, ಕಡ್ಡಿ ಮೇಲಿನ ಎರಡೂ ಕುಣಿಕೆಗಳಿಂದ ತೆಗೆಯುವುದು. ಇಕ್ಕಟ್ಟಾಗಿ ಅದು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ.

ಎಲೆಯನ್ನು ಉಲ್ಲನ್‌ನಲ್ಲೇ ಹೆಣೆಯಬೇಕು ಅಂತ ಯಾರು ಹೇಳಿದರು? ಕುಪ್ಪಸದ ಖಣಕ್ಕೆ ಹೆಸರಾದ ಗುಳೇದಗುಡ್ಡ ನಮ್ಮ ಜಿಲ್ಲೆಯಲ್ಲೇ ಇದೆ. ಕುಪ್ಪಸ ಹೊಲಿಸಿದ ಮೇಲೆ ಖಣದ ಚೂರು ಉಳಿದಿರುತ್ತದೆ, ಟೇಲರ್ ಹತ್ತಿರ ಕೇಳಿದರೆ ಇನ್ನೂ ಸಿಗುತ್ತದೆ. ಎರಡು ಚೂರು ಬೆನ್ನಿಗೆ ಬೆನ್ನು ಸೇರಿಸಿ ಎಲೆ ಆಕಾರಕ್ಕೆ ಹೊಲಿದು ತೊಟ್ಟಿನ ಬುಡಕ್ಕೆ ಕೂರಿಸಿ, ಖಣದ ಹೊಳಪು ಉಲ್ಲನ್ ಪಕ್ಕದಲ್ಲಿ ಎದ್ದು ಕಾಣುತ್ತದೆ. ಬಣ್ಣಕ್ಕೂ ದೂರ ಹೋಗಬೇಡಿ. ಚೆಂಡು ಹೂವಿನ ಕೇಸರಿ, ಗುರೆಳ್ಳು ಹೂವಿನ ಹಳದಿ, ಇಳಕಲ್ ಸೀರೆಯ ಗಿರಿಕುಂಕುಮ ಕೆಂಪು. ಗಿರಿಕುಂಕುಮದ ಕಾಯಿಗೆ ಹಸಿರು ಖಣದ ಎಲೆ, ಇದರ ಮುಂದೆ ಆ ವಿಡಿಯೋದವರ ಕಂದು ಬಣ್ಣ ನಿಲ್ಲುವುದಿಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಬೆಂಕಿ ತಾಗಿದರೆ ಕರಗಿ ಉರಿಯುತ್ತದೆ. ಅಮೆರಿಕದವರು ಒಳಗೆ ದೀಪ ಇಡುವುದು ನಿಜವಾದ ಕಾಯಿಯಲ್ಲಿ. ನೀವು ದೀಪಾವಳಿ ಹಣತೆ ಪಕ್ಕದಲ್ಲಿ, ದೇವರ ನಂದಾದೀಪದ ಹತ್ತಿರ ಇದನ್ನು ಇಡಲೇಬೇಡಿ. ಇಸ್ತ್ರಿಯೂ ಬೇಡ, ಏಣು ಸತ್ತುಹೋಗುತ್ತದೆ. ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಾರುವ ಮನಸ್ಸಿದ್ದವರಿಗೆ ಕೊನೆಯ ಮಾತು. ಇಂಥ ಒಂದು ಕಾಯಿಗೆ 50 ಗ್ರಾಂ ಒಳಗೇ ಉಲ್ಲನ್ ಸಾಕು, ಹಾಗಂತ ಉಲ್ಲನ್ ದುಡ್ಡಿಗೆ ಹತ್ತಿಪ್ಪತ್ತು ಸೇರಿಸಿ ಕೊಟ್ಟುಬಿಡಬೇಡಿ. ಕೂತು ಹೆಣೆದ ಗಂಟೆಗಳ ಕೂಲಿ ಮೊದಲು ಬರೆದುಕೊಳ್ಳಿ, ಆಮೇಲೆ ದರ ಹೇಳಿ. "ಇಷ್ಟು ಸಣ್ಣದಕ್ಕೆ ಇಷ್ಟು ರೊಕ್ಕ ಏನ್ರೀ?" ಅಂತ ಚೌಕಾಸಿ ಮಾಡುವವರು ಇದ್ದೇ ಇರುತ್ತಾರೆ, ಅವರ ಕೈಗೆ ಕಡ್ಡಿ, ಉಲ್ಲನ್ ಕೊಟ್ಟು ಒಂದು ಸಾಲು ಹಾಕಲು ಹೇಳಿ. ನಮಸ್ಕಾರ.