ಬಟ್ಟೆ ಬಿಚ್ಚಿಟ್ಟು ಹೋದ ತೋಳ

ನಮಸ್ಕಾರ. ತೋಳಮಾನವ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಹುಣ್ಣಿಮೆ ರಾತ್ರಿ, ಮೋಡದ ಮರೆಯಿಂದ ಇಣುಕುವ ಚಂದ್ರ, ಕೈತುಂಬ ರೋಮ ಬೆಳೆದು ಉಗುರು ಉದ್ದವಾಗುತ್ತಿರುವ ಒಬ್ಬ ಬಡಪಾಯಿ, ಅಲ್ವಾ? ಅವನು ಕಚ್ಚಿದರೆ ನೀವೂ ತೋಳವಾಗುತ್ತೀರಿ. ಅವನು ಸಾಯಬೇಕಾದರೆ ಬೆಳ್ಳಿಯೇ ಬೇಕು. ಇದೆಲ್ಲ ಸಾವಿರಾರು ವರ್ಷದ ನಂಬಿಕೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ನೋಡಿದರೆ, ಇದನ್ನೆಲ್ಲ ಒಂದು ಕಟ್ಟುಪಾಡು ಮಾಡಿ ನಮ್ಮ ತಲೆಗೆ ತುಂಬಿದ್ದು ಸಿನಿಮಾ.

1935ರಲ್ಲಿ ಯೂನಿವರ್ಸಲ್ ಕಂಪನಿ 'ವೇರ್‌ವುಲ್ಫ್ ಆಫ್ ಲಂಡನ್' ತೆಗೆಯಿತು. ಅದರಲ್ಲಿ ಹುಣ್ಣಿಮೆಯೂ ಇತ್ತು, ಕಡಿತವೂ ಇತ್ತು. 1941ರಲ್ಲಿ ಬಂದ 'ದಿ ವುಲ್ಫ್ ಮ್ಯಾನ್' ಬೆಳ್ಳಿಯನ್ನು ತಂದಿತು. ಗುಂಡಲ್ಲ, ಬೆಳ್ಳಿ ಹಿಡಿಯ ಊರುಗೋಲು. ಆ ಚಿತ್ರದಲ್ಲಿ ಊರವರೆಲ್ಲ ಒಂದು ಪದ್ಯ ಹೇಳುತ್ತಾರೆ, ಕೇಳಿದರೆ ಅಜ್ಜ ಮುತ್ತಜ್ಜರಿಂದ ಬಂದದ್ದು ಅನ್ನಿಸಬೇಕು, ಹಾಗಿದೆ. ಬರೆದದ್ದು ಚಿತ್ರಕಥೆಗಾರ ಕರ್ಟ್ ಸಿಯೋಡ್ಮಾಕ್, ನಾಜಿಗಳು ಬಂದ ಮೇಲೆ ಜರ್ಮನಿ ಬಿಟ್ಟು ಹೋದ ಯಹೂದಿ. ಎಷ್ಟೋ ಜನ ಅದನ್ನು ನಿಜವಾದ ಜನಪದ ಪದ್ಯ ಅಂತಲೇ ನಂಬಿದರು. ಬರೆಯುವವನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇನ್ನೇನು ಬೇಕು ಹೇಳಿ!

ಹಳೆಯ ಕಥೆಗಳಲ್ಲಿ ಚಂದ್ರನಿಗೆ ಅಷ್ಟೊಂದು ಕೆಲಸವಿಲ್ಲ. ಅಲ್ಲಿ ಮುಖ್ಯವಾದದ್ದು ಬಟ್ಟೆ.

ಮೊದಲನೇ ಶತಮಾನದ ರೋಮಿನ ಲೇಖಕ ಪೆಟ್ರೋನಿಯಸ್ ಬರೆದ ಒಂದು ಕಥೆಯಿದೆ. ಒಬ್ಬ ಸೈನಿಕ ದಾರಿಬದಿಯಲ್ಲಿ ಬಟ್ಟೆಯೆಲ್ಲ ಬಿಚ್ಚಿಟ್ಟು, ಅದರ ಸುತ್ತ ಮೂತ್ರ ಮಾಡಿ, ತೋಳವಾಗಿ ಕಾಡಿಗೆ ಓಡುತ್ತಾನೆ. ಜೊತೆಗಿದ್ದವನು ಹೆದರುತ್ತಾ ಹೋಗಿ ನೋಡಿದರೆ ಬಟ್ಟೆ ಕಲ್ಲಾಗಿದೆ. ಆ ರಾತ್ರಿ ಬೆಳದಿಂಗಳೇನೋ ಇದೆ, ಆದರೆ ಸುಮ್ನೆ ದಾರಿ ಕಾಣಲಿ ಅಂತ.

ನನಗೆ ಜಾಸ್ತಿ ಇಷ್ಟವಾದದ್ದು 12ನೇ ಶತಮಾನದಲ್ಲಿ ಮರಿ ದ ಫ್ರಾನ್ಸ್ ಎಂಬ ಕವಯಿತ್ರಿ ಬರೆದ 'ಬಿಸ್ಕ್ಲಾವ್ರೆ'. ಅದರ ನಾಯಕ ವಾರದಲ್ಲಿ ಮೂರು ದಿನ ಕಾಣೆಯಾಗುವ ಒಳ್ಳೆಯ ಗೃಹಸ್ಥ. ಹೆಂಡತಿ ಪುಸಲಾಯಿಸಿ ಗುಟ್ಟು ತಿಳಿದುಕೊಳ್ಳುತ್ತಾಳೆ: ಆ ದಿನಗಳಲ್ಲಿ ಅವನು ಬಟ್ಟೆ ಬಿಚ್ಚಿಟ್ಟು ತೋಳವಾಗುತ್ತಾನೆ, ಬಟ್ಟೆ ಸಿಗದಿದ್ದರೆ ಮತ್ತೆ ಮನುಷ್ಯನಾಗಲಾರ. ಅವಳು ತನ್ನ ಹಿಂದೆ ಬಿದ್ದಿದ್ದ ಒಬ್ಬನ ಕೈಲಿ ಆ ಬಟ್ಟೆ ಕದಿಸುತ್ತಾಳೆ. ಅಲ್ಲಿಗೆ ಗಂಡ ತೋಳವಾಗಿಯೇ ಉಳಿದ. ಬೇಟೆಗೆ ಬಂದ ರಾಜನ ಕಾಲಿಗೆ ಅವನು ಮುತ್ತಿಡುತ್ತಾನೆ, ರಾಜ ಅವನನ್ನು ಸಾಕಿಕೊಳ್ಳುತ್ತಾನೆ. ಕೊನೆಗೆ ಗುಟ್ಟು ಹೊರಬಿದ್ದು ಬಟ್ಟೆ ತಂದಿಟ್ಟರೆ ತೋಳ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಯಾಕೆ? ಎಲ್ಲರೆದುರು ಹೇಗೆ ಹಾಕಿಕೊಳ್ಳುವುದು, ನಾಚಿಕೆ! ಕೋಣೆಯೊಳಗೆ ಒಂಟಿಯಾಗಿ ಬಿಟ್ಟ ಮೇಲೆಯೇ ಅವನು ಮನುಷ್ಯನಾಗುವುದು.

ಆದರೆ ಇದೇ ನಂಬಿಕೆ ನ್ಯಾಯಾಲಯಕ್ಕೆ ಹೋದಾಗ ನಗು ನಿಂತುಹೋಗುತ್ತದೆ. ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು 1589ರಲ್ಲಿ ಘೋರವಾಗಿ ಕೊಂದರು. ಸೈತಾನ ಕೊಟ್ಟ ಸೊಂಟಪಟ್ಟಿ ಕಟ್ಟಿಕೊಂಡು ತೋಳವಾಗುತ್ತಿದ್ದೆ ಅಂತ ಅವನು ಒಪ್ಪಿಕೊಂಡನಂತೆ. ಹಿಂಸೆ ಕೊಡುವ ಯಂತ್ರದ ಮುಂದೆ ನಿಲ್ಲಿಸಿದರೆ ಯಾರು ತಾನೇ ಏನನ್ನು ಒಪ್ಪಿಕೊಳ್ಳುವುದಿಲ್ಲ? ಇನ್ನು 17ನೇ ಶತಮಾನದ ಕೊನೆಯಲ್ಲಿ, ಈಗಿನ ಲಾಟ್ವಿಯಾದ ಕಡೆ, ಟೀಸ್ ಅಂತ 80 ದಾಟಿದ ಮುದುಕನೊಬ್ಬ ನ್ಯಾಯಾಧೀಶರ ಮುಂದೆಯೇ ಹೌದು ನಾನು ತೋಳ ಅಂದ. ಆದರೆ ನಾವು ದೇವರ ನಾಯಿಗಳು, ನರಕಕ್ಕೆ ಹೋಗಿ ಮಾಟಗಾರರು ಕದ್ದ ಬೆಳೆಯನ್ನು ವಾಪಸ್ ತರುತ್ತೇವೆ ಅಂತ ವಾದಿಸಿದ. ಅವನಿಗೆ ಸಿಕ್ಕಿದ್ದು ಚಾಟಿ ಏಟಿನ ಶಿಕ್ಷೆ.

ಮತ್ತೆ ಸಿನಿಮಾಕ್ಕೆ ಬರುತ್ತೇನೆ. 1981ರ 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರದಲ್ಲಿ ಮೂಳೆ ಚಾಚಿಕೊಂಡು ಮನುಷ್ಯ ತೋಳವಾಗುವ ದೃಶ್ಯವನ್ನು ಎಲ್ಲರೂ ನೆನೆಸಿಕೊಳ್ಳುತ್ತಾರೆ. ಆ ಕೈಚಳಕಕ್ಕೆ ಮೇಕಪ್ ಕಲಾವಿದ ರಿಕ್ ಬೇಕರ್‌ಗೆ ಆಸ್ಕರ್ ಕೂಡ ಬಂತು. ನನಗೆ ನೆನಪಿರುವುದು ಮಾರನೆಯ ಬೆಳಗ್ಗೆ. ಚಿತ್ರದ ನಾಯಕ ಎದ್ದಾಗ ಮೃಗಾಲಯದಲ್ಲಿ ತೋಳಗಳ ಬೋನಿನೊಳಗಿದ್ದಾನೆ, ಮೈಮೇಲೆ ನೂಲೆಳೆಯೂ ಇಲ್ಲ. ಪೊದೆಯಿಂದ ಪೊದೆಗೆ ಓಡಿ, ಒಬ್ಬ ಹುಡುಗನ ಬಲೂನು ಕಿತ್ತುಕೊಂಡು ಮಾನ ಮುಚ್ಚಿಕೊಂಡು, ಕೊನೆಗೆ ಯಾರದೋ ಹೆಂಗಸಿನ ಕೋಟು ಎಗರಿಸಿ ಮನೆ ಸೇರುತ್ತಾನೆ.