ಯಾವ ತಂಡಕ್ಕೆ ಆಡುತ್ತೀಯ ಎಂದು ಹುಡುಗನನ್ನು ಯಾರೂ ಕೇಳುವುದಿಲ್ಲ

ನಮಸ್ಕಾರ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಅಮೆರಿಕದಲ್ಲಿ ಮೂರು ದಿನಗಳ ಒಂದು ಉತ್ಸವ ನಡೆಯುತ್ತದೆ. ಅಲ್ಲಿ ಆಟವಿಲ್ಲ, ಅಂಕವಿಲ್ಲ, ಸೋಲು ಗೆಲುವಿಲ್ಲ. ಒಬ್ಬರು ವೇದಿಕೆಗೆ ಬಂದು ಚೀಟಿ ನೋಡಿ ಒಂದು ಹೆಸರು ಓದುತ್ತಾರೆ, ಹೋಗುತ್ತಾರೆ. ಇಷ್ಟನ್ನು ನೋಡಲು 2024ರಲ್ಲಿ ಡೆಟ್ರಾಯಿಟ್ ನಗರದಲ್ಲಿ 7.75 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಇದು ಎನ್‌ಎಫ್‌ಎಲ್ ಡ್ರಾಫ್ಟ್. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ ಹುಡುಗರನ್ನು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ನ ತಂಡಗಳು ಹಂಚಿಕೊಳ್ಳುವ ಕಾರ್ಯಕ್ರಮ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪದ್ಧತಿ ನಿಲ್ಲಬೇಕು.

ನಿಯಮ ಸರಳವಾಗಿದೆ. 32 ತಂಡಗಳು, ಏಳು ಸುತ್ತುಗಳು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಲೀಗ್‌ನ ಅಂತಿಮ ಪಂದ್ಯ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು. ಹೈಸ್ಕೂಲು ಮುಗಿಸಿ ಮೂರು ವರ್ಷವಾಗದ ಹುಡುಗನಿಗೆ ಇದರೊಳಗೆ ಪ್ರವೇಶವಿಲ್ಲ. ಒಂದು ತಂಡ ಒಮ್ಮೆ ಹೆಸರು ಹೇಳಿತೆಂದರೆ ಅವನು ಆ ತಂಡದೊಂದಿಗೆ ಮಾತ್ರ ಒಪ್ಪಂದ ಮಾಡಿಕೊಳ್ಳಬೇಕು. ಒಲ್ಲೆ ಎಂದರೆ ಮುಂದಿನ ಡ್ರಾಫ್ಟ್‌ವರೆಗೆ ಮನೆಯಲ್ಲಿ ಕೂರಬೇಕು. 1986ರಲ್ಲಿ ಬೋ ಜಾಕ್ಸನ್ ಹಾಗೆಯೇ ಮಾಡಿದರು. ಟ್ಯಾಂಪಾ ಬೇ ತಂಡ ಮೊದಲ ಆಯ್ಕೆಯಾಗಿ ಕರೆದರೂ ಹೋಗದೆ ಬೇಸ್‌ಬಾಲ್ ಆಡಲು ಹೊರಟರು. ಅವರಿಗೆ ಎರಡನೆಯ ಆಟವೊಂದು ಕೈಯಲ್ಲಿತ್ತು. ಅದಿಲ್ಲದವರು ಏನು ಮಾಡಬೇಕು?

ದುರ್ಬಲ ತಂಡಗಳಿಗೆ ನ್ಯಾಯ ಸಿಗಲೆಂದು ಇದು ಹುಟ್ಟಿತು ಎನ್ನುತ್ತಾರೆ. ಹುಟ್ಟಿದ ಕಥೆಯನ್ನು ಸ್ವಲ್ಪ ನೋಡೋಣ. ಇದನ್ನು ಸೂಚಿಸಿದವರು ಬರ್ಟ್ ಬೆಲ್, ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕರು. ಮಿನೆಸೋಟಾದ ಸ್ಟ್ಯಾನ್ ಕೋಸ್ಟ್ಕಾ ಎಂಬ ಆಟಗಾರನಿಗೆ ಬೆಲ್ ಗಾಳ ಹಾಕಿದ್ದರು. ಕೋಸ್ಟ್ಕಾ ನಾಲ್ಕಾರು ಕಡೆ ಬೆಲೆ ವಿಚಾರಿಸಿ ಬ್ರೂಕ್ಲಿನ್ ತಂಡ ಸೇರಿದರು. ದುಡಿಯುವವನು ಹೆಚ್ಚು ಕೊಡುವವರ ಹತ್ತಿರ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಲ್ 1935ರಲ್ಲಿ ಉಳಿದ ಮಾಲೀಕರ ಮುಂದೆ ಈ ಡ್ರಾಫ್ಟ್ ಪ್ರಸ್ತಾಪ ಇಟ್ಟರು, ಎಲ್ಲರೂ ಒಪ್ಪಿದರು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದದ್ದು ಬೆಲ್ ಅವರ ತಂಡವೇ. ಹಾಗಾಗಿ 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟ್‌ನ ಮೊಟ್ಟಮೊದಲ ಸರದಿಯೂ ಅವರದೇ ಆಯಿತು.

ಅವರು ಆರಿಸಿದ್ದು ಚಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಅವರನ್ನು. ಬರ್ವಾಂಗರ್ ಕೇಳಿದ ಹಣ ಬೆಲ್ ಕೈಗೆಟುಕಲಿಲ್ಲ. ಆಗ ಹಕ್ಕನ್ನು ಚಿಕಾಗೋ ಬೇರ್ಸ್ ತಂಡದ ಜಾರ್ಜ್ ಹಾಲಸ್ ಅವರಿಗೆ ದಾಟಿಸಲಾಯಿತು. ಹಕ್ಕು ಎಂದರೆ ಇಲ್ಲಿ ಒಬ್ಬ ಮನುಷ್ಯನೊಂದಿಗೆ ಮಾತಾಡುವ ಏಕಸ್ವಾಮ್ಯ. ಹಾಲಸ್ ಕೂಡ ಅಷ್ಟು ಕೊಡಲು ಒಪ್ಪಲಿಲ್ಲ. ಡ್ರಾಫ್ಟ್‌ನ ಇತಿಹಾಸದಲ್ಲಿ ಮೊದಲು ಆಯ್ಕೆಯಾದ ಆಟಗಾರ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಬೇರೆ ಉದ್ಯೋಗಕ್ಕೆ ಹೋದರು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಸ್ವಭಾವ ಆ ಮೊದಲ ಆಯ್ಕೆಯಲ್ಲೇ ಬಯಲಾಗಿತ್ತು. ಆಟಗಾರ ತನ್ನ ಬೆಲೆ ತಾನೇ ಹೇಳದಂತೆ ಮಾಡುವುದೇ ಇದರ ಮುಖ್ಯ ಕೆಲಸ.

ಈಗ ಆರಿಸುವ ರೀತಿ ನೋಡಿ. ಡ್ರಾಫ್ಟ್‌ಗೂ ಎರಡು ತಿಂಗಳು ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಸುಮಾರು 300 ಹುಡುಗರಿಗೆ ಅಲ್ಲಿಗೆ ಆಹ್ವಾನ. 40 ಗಜದ ಓಟವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಅಳೆಯುತ್ತಾರೆ. ನೂರು ಕಿಲೋ ದಾಟಿದ ಭಾರವನ್ನು ಮಲಗಿ ಎಷ್ಟು ಸಲ ಎತ್ತುತ್ತಾನೆ ಎಂದು ಎಣಿಸುತ್ತಾರೆ. ಅಂಗೈಯನ್ನು ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳತೆ ತೆಗೆದು ಬರೆದುಕೊಳ್ಳುತ್ತಾರೆ. ಬೇರೆ ಬೇರೆ ತಂಡಗಳ ವೈದ್ಯರು ಅದೇ ಮೊಣಕಾಲನ್ನು, ಅದೇ ಭುಜವನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾರೆ. ಬರಿ ಚಡ್ಡಿಯಲ್ಲಿ ತಕ್ಕಡಿಯ ಮೇಲೆ ನಿಂತ ಹುಡುಗನನ್ನು ನೋಡುತ್ತ ಕೂತ ತಂಡದವರ ಸಾಲನ್ನು ಕಂಡಾಗ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವವರು ನೆನಪಾಗುತ್ತಾರೆ. ಕಠಿಣವಾದ ಮಾತು ಎಂದು ಗೊತ್ತು, ಆದರೂ ಹಿಂತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಅಳೆದು ತೂಗಿದ ಮೇಲೂ ಅಂದಾಜು ಸರಿಬರುತ್ತದೆಯೇ? ಟಾಮ್ ಬ್ರೇಡಿ 2000ನೇ ಇಸವಿಯಲ್ಲಿ ಆರನೆಯ ಸುತ್ತಿನಲ್ಲಿ, 199ನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮೊದಲು ಅವರಂತೆಯೇ ಕ್ವಾರ್ಟರ್‌ಬ್ಯಾಕ್‌ಗಳಾದ, ಅಂದರೆ ಚೆಂಡೆಸೆದು ತಂಡದ ದಾಳಿ ನಡೆಸುವ, ಆರು ಜನರ ಹೆಸರು ಕೂಗಿಯಾಗಿತ್ತು. ಬ್ರೇಡಿ ಗೆದ್ದದ್ದು ಏಳು ಸೂಪರ್ ಬೌಲ್. ಬ್ರಾಕ್ ಪರ್ಡಿ 2022ರಲ್ಲಿ 262ನೆಯವರು, ಅಂದರೆ ಇಡೀ ಡ್ರಾಫ್ಟ್‌ನ ಕೊನೆಯ ಹೆಸರು. ಎರಡನೆಯ ಋತುವಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದರು. ಇವು ಅಪವಾದಗಳು ಎನ್ನುವವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಹಲವು ವರ್ಷಗಳ ಡ್ರಾಫ್ಟ್‌ಗಳನ್ನು ಜಾಲಾಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇಕಡ 52 ಎಂದು ಕಂಡಿತು. ನಾಣ್ಯ ಚಿಮ್ಮಿದರೆ ಶೇಕಡ 50. ತಂಡಗಳು ಇದನ್ನು ಒಪ್ಪುವುದಿಲ್ಲ, ಪ್ರತಿ ವರ್ಷ ಮೇಲಿನ ಸರದಿಗಾಗಿ ಕೆಳಗಿನ ಹತ್ತಾರು ಸರದಿಗಳನ್ನು ಧಾರೆಯೆರೆಯುತ್ತವೆ.

ಹಣದ ವಿಚಾರಕ್ಕೆ ಬರೋಣ, ನನ್ನ ಸಿಟ್ಟಿನ ಬೇರು ಇಲ್ಲಿದೆ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್ ಅವರ ಒಪ್ಪಂದ ಆರು ವರ್ಷಕ್ಕೆ 7.8 ಕೋಟಿ ಡಾಲರ್, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ನಡುವೆ ಏನಾಯಿತು? 2011ರಲ್ಲಿ ಮಾಲೀಕರೂ ಆಟಗಾರರ ಸಂಘವೂ ಸೇರಿ ಹೊಸಬರ ಸಂಬಳಕ್ಕೆ ಸರದಿಯ ಪ್ರಕಾರ ಮಿತಿ ಹಾಕಿದರು. ಸಂಘದ ಪರವಾಗಿ ಸಹಿ ಹಾಕಿದವರು ಆಗಲೇ ಲೀಗ್‌ನಲ್ಲಿದ್ದ ಹಿರಿಯರು. ಮಿತಿ ಬಿದ್ದದ್ದು ಇನ್ನೂ ಕಾಲೇಜಿನಲ್ಲಿದ್ದ, ಸಂಘಕ್ಕೆ ಕಾಲಿಡದ, ಮತವೇ ಇಲ್ಲದ ಹುಡುಗರ ಮೇಲೆ. ಅವರ ಪಾಲನ್ನು ಅವರಿಲ್ಲದಾಗ ಹಂಚಿದರು.

ಡ್ರಾಫ್ಟ್ ಆದವನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನೂ ಸೇರಿಸುವ ಹಕ್ಕು ತಂಡಕ್ಕಿದೆ. ಸರಾಸರಿ ಆಟಗಾರನ ವೃತ್ತಿಜೀವನ ಮೂರೂವರೆ ವರ್ಷವೂ ಇರುವುದಿಲ್ಲ ಎಂದು ಆಟಗಾರರ ಸಂಘವೇ ಹೇಳುತ್ತ ಬಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಆಟಗಾರರು ತಮ್ಮ ತಂಡವನ್ನು ತಾವೇ ಆರಿಸುವ ದಿನ ಬರುವ ಮೊದಲೇ ಮೊಣಕಾಲು ಹಿಡಿದುಕೊಂಡು ಊರಿಗೆ ಮರಳುತ್ತಾರೆ.

ಇದನ್ನು ನ್ಯಾಯಾಲಯ ಒಮ್ಮೆ ಹಿಡಿದು ನಿಲ್ಲಿಸಿತ್ತು. ವಾಷಿಂಗ್ಟನ್ ತಂಡ 1968ರಲ್ಲಿ ಮೊದಲ ಸುತ್ತಿನಲ್ಲಿ ಆರಿಸಿದ ಜೇಮ್ಸ್ ಸ್ಮಿತ್, ಎಲ್ಲರೂ ಯಾಜೂ ಸ್ಮಿತ್ ಎಂದು ಕರೆಯುತ್ತಿದ್ದವರು, ಆ ಋತುವಿನ ಕೊನೆಯ ಪಂದ್ಯದಲ್ಲಿ ಕತ್ತಿಗೆ ಪೆಟ್ಟಾಗಿ ಆಟವನ್ನೇ ಬಿಡಬೇಕಾಯಿತು. ಬೇರೆ ತಂಡಗಳೊಂದಿಗೂ ಮಾತಾಡಲು ಬಿಟ್ಟಿದ್ದರೆ ಇಂಥ ಅಪಾಯಕ್ಕೆ ತಕ್ಕ ಒಪ್ಪಂದ ಪಡೆಯುತ್ತಿದ್ದೆ ಎಂದು ಅವರು ದಾವೆ ಹೂಡಿದರು. 1976ರಲ್ಲಿ ಕೆಳಗಿನ ನ್ಯಾಯಾಲಯ, 1978ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಆ ಕಾಲದ ಡ್ರಾಫ್ಟ್ ಪೈಪೋಟಿಯ ಕಾನೂನಿಗೆ ವಿರುದ್ಧ ಎಂದವು. ಅಷ್ಟರಲ್ಲಿ 1977ರಲ್ಲಿ ಆಟಗಾರರ ಸಂಘ ಡ್ರಾಫ್ಟನ್ನು ತನ್ನ ಸಾಮೂಹಿಕ ಒಪ್ಪಂದದೊಳಗೆ ಸೇರಿಸಲು ಒಪ್ಪಿಬಿಟ್ಟಿತ್ತು. ಸಂಘ ಒಪ್ಪಿದ ವಿಷಯಕ್ಕೆ ಆ ಕಾನೂನು ತಾಗುವುದಿಲ್ಲ. ಇಂದಿಗೂ ಡ್ರಾಫ್ಟ್ ಬದುಕಿರುವುದು ಆ ಒಪ್ಪಿಗೆಯ ಆಸರೆಯಲ್ಲಿ.

ಡ್ರಾಫ್ಟ್ ಇಲ್ಲದಿದ್ದರೆ ಒಳ್ಳೆಯವರೆಲ್ಲ ನ್ಯೂಯಾರ್ಕ್‌ಗೂ ಲಾಸ್ ಏಂಜಲಿಸ್‌ಗೂ ಹೋಗುತ್ತಾರೆ, ಸಣ್ಣ ಊರಿನ ತಂಡಗಳು ಮುಳುಗುತ್ತವೆ ಎನ್ನುವವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಎನ್‌ಎಫ್‌ಎಲ್‌ನ ಅತಿ ಸಣ್ಣ ಊರು ವಿಸ್ಕಾನ್ಸಿನ್‌ನ ಗ್ರೀನ್ ಬೇ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಚಳಿಗಾಲದಲ್ಲಿ ಮೈದಾನವೇ ಹೆಪ್ಪುಗಟ್ಟುವ ಊರು. 1993ರಲ್ಲಿ ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಬೇಕಾದ ತಂಡ ಸೇರುವ ನಿಜವಾದ ಸ್ವಾತಂತ್ರ್ಯ ಮೊದಲ ಬಾರಿಗೆ ಸಿಕ್ಕಿತು. ಆ ವರ್ಷ ಎಲ್ಲರೂ ಬೆನ್ನು ಹತ್ತಿದ್ದು ರೆಜಿ ವೈಟ್ ಎಂಬ ದೈತ್ಯ ರಕ್ಷಣಾ ಆಟಗಾರನನ್ನು. ಅವರು ಆರಿಸಿಕೊಂಡದ್ದು ಗ್ರೀನ್ ಬೇ, ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್. 1997ರ ಜನವರಿಯಲ್ಲಿ ಆ ತಂಡ ಸೂಪರ್ ಬೌಲ್ ಗೆದ್ದಿತು, ಆ ಪಂದ್ಯದಲ್ಲಿ ವೈಟ್ ಮೂರು ಸಲ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದರು.

ಗ್ರೀನ್ ಬೇಯನ್ನು ಉಳಿಸಿರುವುದು ಡ್ರಾಫ್ಟ್ ಅಲ್ಲ. ಟಿವಿ ಹಣವನ್ನು 32 ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದೆ, 2025ರಲ್ಲಿ ಅದು 27.92 ಕೋಟಿ ಡಾಲರ್. ಎಷ್ಟೇ ಸಿರಿವಂತ ತಂಡವಾದರೂ ಅದನ್ನು ಮೀರಿ ಎಲ್ಲರನ್ನೂ ಕೊಂಡುಕೊಳ್ಳುವಂತಿಲ್ಲ. ಮೇಲಿನ ಸರದಿಯೊಂದರಿಂದಲೇ ತಂಡ ಉದ್ಧಾರವಾಗುವುದಾಗಿದ್ದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂದೋ ಆಗಬೇಕಿತ್ತು. 1999, 2000, 2017, 2018, ನಾಲ್ಕು ಸಲ ಮೊಟ್ಟಮೊದಲ ಸರದಿ ಅವರದಾಗಿತ್ತು. ಇಂದಿಗೂ ಒಂದೇ ಒಂದು ಸೂಪರ್ ಬೌಲ್ ಆಡಿಲ್ಲ.

ನಮ್ಮ ಕೇಳುಗರಲ್ಲಿ ಹಲವರು ಐಪಿಎಲ್ ನೆನೆಯುತ್ತಿರಬಹುದು. ಅಲ್ಲಿಯೂ ಆಟಗಾರ ತಂಡ ಆರಿಸುವುದಿಲ್ಲ ನಿಜ, ಆದರೆ ತಂಡಗಳು ಒಂದರ ಮೇಲೊಂದು ಕೂಗುವುದರಿಂದ ಬೆಲೆಯಾದರೂ ಏರುತ್ತದೆ. 2008ರಲ್ಲಿ 19ರ ಒಳಗಿನವರ ತಂಡದ ಹುಡುಗರಿಗೆ ಮಾತ್ರ ಹರಾಜಿರಲಿಲ್ಲ, ಡ್ರಾಫ್ಟ್ ಇತ್ತು. ದೆಹಲಿ ತನ್ನ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು, ಕೊಹ್ಲಿ ಬೆಂಗಳೂರಿಗೆ ಬಂದರು. ನಮಗೆ ಅದು ಹಬ್ಬವೇ ಆಯಿತು. ಆದರೂ ನಾನು ಹೇಳುವುದು, ಆ ಹತ್ತೊಂಬತ್ತರ ಹುಡುಗನನ್ನು ಯಾರಾದರೂ ಒಂದು ಮಾತು ಕೇಳಬೇಕಿತ್ತು.

ಡ್ರಾಫ್ಟ್ ಇಲ್ಲದೆ ಅಮೆರಿಕದಲ್ಲಿ ಲೀಗ್ ನಡೆಯುವುದಿಲ್ಲ ಎಂಬ ಮಾತಿಗೂ ಈಗ ಉತ್ತರವಿದೆ. ಅಲ್ಲಿನ ಮಹಿಳಾ ಸಾಕರ್ ಲೀಗ್ 2024ರ ಆಗಸ್ಟ್‌ನಲ್ಲಿ ಆಟಗಾರ್ತಿಯರ ಸಂಘದೊಂದಿಗೆ ಹೊಸ ಒಪ್ಪಂದ ಮಾಡಿಕೊಂಡು ಡ್ರಾಫ್ಟನ್ನೇ ತೆಗೆದುಹಾಕಿತು. ಕಾಲೇಜು ಮುಗಿಸಿದ ಹುಡುಗಿ ತನ್ನ ತಂಡವನ್ನು ತಾನೇ ಆರಿಸುತ್ತಾಳೆ. ಇನ್ನು ಕಾಲೇಜು ಫುಟ್‌ಬಾಲ್‌ನಲ್ಲಿ 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಓದು ಸರಿಯಾಗಿದ್ದರೆ ಕಾಲೇಜು ಬದಲಿಸುವುದಕ್ಕೂ ಅಡ್ಡಿಯಿಲ್ಲ. ಹತ್ತೊಂಬತ್ತರಲ್ಲಿ ಇಷ್ಟು ಸ್ವಾತಂತ್ರ್ಯವಿರುವ ಹುಡುಗ ಇಪ್ಪತ್ತೆರಡಕ್ಕೆ ವೃತ್ತಿಪರನಾದ ಕೂಡಲೇ ಅದನ್ನು ಕಳೆದುಕೊಳ್ಳುತ್ತಾನೆ.

ಎನ್‌ಎಫ್‌ಎಲ್ ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ. ಮುಂದಿನ ಮಾತುಕತೆಗೆ ಕೂರುವಾಗ ಸಂಘ 1977ರಲ್ಲಿ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬೇಕು. ಸಂಬಳದ ಮಿತಿ ಇರಲಿ, ಟಿವಿ ಹಣದ ಸಮಪಾಲು ಇರಲಿ. ಅದರೊಳಗೆ ಯಾವ ತಂಡ ಯಾರಿಗೆ ಎಷ್ಟು ಕೊಡುತ್ತದೆ, ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಇಬ್ಬರೂ ಎದುರುಬದುರು ಕೂತು ತೀರ್ಮಾನಿಸಲಿ. ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ ಮೊದಲ ಒಪ್ಪಂದವನ್ನಾದರೂ ಎರಡು ವರ್ಷಕ್ಕೆ ಇಳಿಸಲಿ.