ನಲ್ಲಿ ನೀರು ಬದಲಾದಾಗ ಮನೆಯ ಮೀನು

ಕೇಳುಗರಿಗೆ ನಮಸ್ಕಾರ.

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಅದು. ವರ್ಷಗಟ್ಟಲೆ ಬೋರ್‌ವೆಲ್, ಟ್ಯಾಂಕರ್ ನೆಚ್ಚಿಕೊಂಡಿದ್ದ ಮನೆಗಳಿಗೆ ದೊಡ್ಡ ನೆಮ್ಮದಿ. ಆದರೆ ಅಂಥ ಮನೆಯಲ್ಲಿ ಅಕ್ವೇರಿಯಂ ಇದ್ದರೆ, ಅದರೊಳಗಿನ ಮೀನುಗಳಿಗೆ ಇದೇ ನೀರು ಕುತ್ತು ತರಬಹುದು.

ಯಾಕೆ ಅಂತ ಹೇಳುತ್ತೇನೆ. ಸ್ವಂತ ಬೋರ್‌ವೆಲ್ ನೀರಿಗೆ ಸಾಮಾನ್ಯವಾಗಿ ಯಾರೂ ಕ್ಲೋರಿನ್ ಹಾಕುವುದಿಲ್ಲ. ನಲ್ಲಿಯಿಂದ ಬಕೆಟ್‌ಗೆ ಹಿಡಿದು ಸೀದಾ ಮೀನಿನ ತೊಟ್ಟಿಗೆ ಸುರಿದರೂ ಮೀನುಗಳು ಚೆನ್ನಾಗೇ ಇರುತ್ತವೆ. ಕಾವೇರಿ ನೀರು ಹಾಗಲ್ಲ. ಅದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಸೇರಿಸಿಕೊಂಡು, ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ. ದಾರಿಯಲ್ಲಿ ರೋಗಾಣು ಬೆಳೆಯಬಾರದು. ಅದಕ್ಕೇ ಮನೆಯ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಕಾಲರಾ ತಡೆಯಲು ಇದು ಬೇಕೇ ಬೇಕು. ಮಳೆಗಾಲದಲ್ಲಿ, ವಾಂತಿ ಭೇದಿ ಹಬ್ಬಿದಾಗ, ಇನ್ನೂ ಜಾಸ್ತಿ ಹಾಕುತ್ತಾರೆ. ಹಾಕಲೇಬೇಕು.

ನಮಗೆ ಏನೂ ಮಾಡದ ಆ ಪ್ರಮಾಣವೇ ಮೀನಿಗೆ ವಿಷ. ನಾವು ನೀರು ಕುಡಿಯುತ್ತೇವೆ, ಮೀನು ಅದನ್ನೇ ಉಸಿರಾಡುತ್ತದೆ. ಕಿವಿರಿನ ಪೊರೆ ತುಂಬಾ ತೆಳು. ಕ್ಲೋರಿನ್ ಅದನ್ನು ಸುಡುತ್ತದೆ. ನೀರು ಬದಲಿಸಿದ ಮೇಲೆ ಸ್ವಲ್ಪ ಹೊತ್ತು ತೊಟ್ಟಿಯ ಮುಂದೆ ಕೂತು ನೋಡಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆಯಾ? ಕಿವಿರು ಬೇಗ ಬೇಗ ಬಡಿಯುತ್ತಿದೆಯಾ? ರೆಕ್ಕೆ ಮುದುರಿಕೊಂಡು ಮೂಲೆ ಸೇರಿದೆಯಾ, ಇಲ್ಲವೇ ದಿಕ್ಕು ತಪ್ಪಿದಂತೆ ಗಾಜಿಗೆ ಹಾಯುತ್ತಿದೆಯಾ? ಹಾಗಿದ್ದರೆ ಕ್ಲೋರಿನ್ ಮೇಲೆ ಅನುಮಾನ ಪಡಿ.

ಅವತ್ತು ಬದುಕಿದ ಮೀನು ವಾರದ ನಂತರ ಸಾಯುವುದೂ ಉಂಟು. ಫಿಲ್ಟರ್‌ನ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಅವು ಅಷ್ಟೊಂದು ಹಾನಿ ಮಾಡದ ನೈಟ್ರೇಟ್ ಮಾಡುತ್ತವೆ. ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆದರೆ ಬ್ಯಾಕ್ಟೀರಿಯಾವೂ ಸತ್ತವು ಅಂತಲೇ. ಆಮೇಲೆ ಅಮೋನಿಯಾ ಏರುತ್ತಾ ಹೋಗುತ್ತದೆ. ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಹಿಂಡಿ. ಅಷ್ಟು ಸಾಕು.

ಇನ್ನೊಂದು ಬದಲಾವಣೆ ಕಣ್ಣಿಗೂ ಕಾಣದು, ಮೂಗಿಗೂ ಸಿಗದು. ಬೋರ್‌ವೆಲ್ ನೀರು ಗಡಸು, ಅಂದರೆ ಕರಗಿದ ಲವಣ ಜಾಸ್ತಿ. ಕಾವೇರಿ ನೀರು ಅದಕ್ಕಿಂತ ಮೆದು. ಗಡಸು ನೀರಿಗೆ ಒಗ್ಗಿದ ಮೋಲಿ ಮೀನನ್ನು ಒಮ್ಮೆಲೇ ಮೆದು ನೀರಿಗೆ ಹಾಕಿದರೆ ಅದು ಮುಂದೆ ಹೋಗದೆ ನಿಂತಲ್ಲೇ ಮೈ ತೂಗಾಡಿಸುತ್ತದೆ. ನೋಡಿದರೆ ಸಂಕಟವಾಗುತ್ತದೆ. ಉಲ್ಟಾ ಕೂಡ ಆಗುತ್ತದೆ. ಕಾವೇರಿ ಬರದ ವಾರ ಟ್ಯಾಂಕರಿನ ಗಡಸು ನೀರು ನೆಲದಡಿಯ ಸಂಪ್‌ಗೆ ಬೀಳುತ್ತದೆ ಅಲ್ವಾ? ಆಗ ಮೆದು ನೀರಿನ ಮೀನುಗಳಾದ ನಿಯಾನ್ ಟೆಟ್ರಾ, ಏಂಜೆಲ್ ಕಷ್ಟಕ್ಕೆ ಬೀಳುತ್ತವೆ. ಕುಡಿಯುವ ನೀರು ಪರೀಕ್ಷಿಸಲು ಇಟ್ಟುಕೊಂಡ ಟಿಡಿಎಸ್ ಮೀಟರ್, ಅಂದರೆ ಕರಗಿದ ಲವಣ ಅಳೆಯುವ ಸಾಧನ, ಇದ್ದರೆ ತೊಟ್ಟಿಯಲ್ಲೊಮ್ಮೆ, ಬಕೆಟ್‌ನಲ್ಲೊಮ್ಮೆ ಅದ್ದಿ ನೋಡಿ. ಎರಡರ ನಡುವೆ ತುಂಬಾ ಅಂತರವಿದ್ದರೆ ಹತ್ತನೇ ಒಂದು ಭಾಗ ಮಾತ್ರ ಬದಲಿಸಿ. ಉಳಿದದ್ದು ಒಂದೆರಡು ದಿನ ಬಿಟ್ಟು.

ಕ್ಲೋರಿನ್ ಹೋಗಿಸುವುದು ಕಷ್ಟವಲ್ಲ. ಅಗಲ ಬಾಯಿಯ ಟಬ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು, ಏರ್ ಪಂಪ್ ಓಡಿಸಿದರೆ ಸಾಮಾನ್ಯವಾಗಿ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದರಲ್ಲ, ಅದೇ. 100 ಲೀಟರ್ ನೀರಿಗೆ 1 ಗ್ರಾಂ ಸಾಕು. ಮೀನಿನ ಅಂಗಡಿಯ ಆಂಟಿ ಕ್ಲೋರಿನ್ ಕೂಡ ಆಗುತ್ತದೆ. ಹಾಕಿ, ಕಲಕಿ, ಆಮೇಲೆ ತೊಟ್ಟಿಗೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಸಂಪು ತೊಳೆಯುವ ದಿನ ಯಾವುದು ಅಂತ ವಾಚ್‌ಮನ್ ಹತ್ತಿರ ಕೇಳಿಟ್ಟುಕೊಳ್ಳಿ. ಬ್ಲೀಚಿಂಗ್ ಪೌಡರ್ ಹಾಕಿದ ಆ ವಾರ ತೊಟ್ಟಿಯ ತಂಟೆಗೆ ಹೋಗಬೇಡಿ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಎಷ್ಟೋ ನಗರಗಳಲ್ಲಿ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಕ್ಲೋರಮೈನ್ ಮಾಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಹಾಗೆ ಬದಲಾಯಿತು. ಕ್ಲೋರಮೈನ್ ಟಬ್‌ನಲ್ಲಿ ರಾತ್ರಿಯಿಡೀ ಇಟ್ಟರೂ ಹೋಗುವುದಿಲ್ಲ. ಕಿವಿರಿನ ಮೂಲಕ ರಕ್ತ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಬರೀ ಹೈಪೋ ಹಾಕಿದರೆ ಕ್ಲೋರಿನ್ ಹೋಗುತ್ತದೆ, ಅಮೋನಿಯಾ ಉಳಿಯುತ್ತದೆ. ಅಲ್ಲಿ ಎರಡನ್ನೂ ಹಿಡಿಯುವ ಔಷಧಿಯೇ ಬೇಕು. ಬಾಟಲಿಯ ಮೇಲೆ ಓದಿ ಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಮೀನು ಒದ್ದಾಡುತ್ತಿದ್ದರೆ ಸುಮ್ನೆ ನೋಡುತ್ತಾ ಕೂರಬೇಡಿ. ಇಡೀ ತೊಟ್ಟಿಯ ಲೆಕ್ಕದಲ್ಲಿ ಆಂಟಿ ಕ್ಲೋರಿನ್ ತಕ್ಷಣ ಹಾಕಿ. ಏರ್ ಪಂಪ್ ಪೂರ್ತಿ ತಿರುಗಿಸಿ. ಲೈಟ್ ಆರಿಸಿ. ಆ ದಿನ ಊಟ ಹಾಕಬೇಡಿ. ಮೊದಲೇ ಟಬ್‌ನಲ್ಲಿ ಹಿಡಿದಿಟ್ಟ ಹಳೇ ನೀರಿದ್ದರೆ, ಅದೇ ಹದದ್ದಾಗಿದ್ದರೆ, ಮೀನುಗಳನ್ನು ಅದಕ್ಕೆ ದಾಟಿಸಿ. ಆ ಒಂದು ಟಬ್ ನೀರನ್ನು ಯಾವಾಗಲೂ ಮನೆಯಲ್ಲಿ ಮುಚ್ಚಿಟ್ಟಿರಿ. ನಮಸ್ಕಾರ.